ಜಾರುವ ಜಮಖಾನ: ನೆಲಹಾಸಿನ ಅಡಿಯಲ್ಲಿ ನಡೆಯುವುದೇನು?

ನುಣುಪಾದ ನೆಲದ ಮೇಲೆ ಹಾಸಿದ ಜಮಖಾನ ಅಥವಾ ಕಾಲೊರಸು ಜಾರುವುದನ್ನು ನೋಡದವರಿಲ್ಲ. ಬೆಳಿಗ್ಗೆ ಬಾಗಿಲಿಗೆ ನೇರವಾಗಿ ಹಾಸಿದ ಕಾಲೊರಸು ಸಂಜೆಯ ಹೊತ್ತಿಗೆ ಓರೆಯಾಗಿ, ಒಂದು ಗೇಣು ದೂರ ಸರಿದಿರುತ್ತದೆ. ಸಗಣಿ ಸಾರಿಸಿದ ನೆಲದ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಗಾರೆ ನೆಲ, ಶಹಾಬಾದಿ ಚಪ್ಪಡಿ, ಕಡಪ ಕಲ್ಲು, ಮೊಸಾಯಿಕ್, ನಯಗೊಳಿಸಿದ ಗ್ರಾನೈಟ್, ಈಗ ಎಲ್ಲೆಲ್ಲೂ ವಿಟ್ರಿಫೈಡ್ ಟೈಲು. ನಮ್ಮ ಮನೆಗಳ ನೆಲ ಹೊಳಪೇರುತ್ತ ಹೋದಂತೆ ಅದರ ಮೇಲಿನ ಹಾಸುಗಳು ನೆಲೆ ಕಳೆದುಕೊಳ್ಳುತ್ತ ಬಂದವು.

ಇದು ಬರೀ ಕಿರಿಕಿರಿಯ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದ ಕಾರಣದಿಂದ ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದೇ. ಸಾಯುವವರಲ್ಲಿ ಹೆಚ್ಚಿನವರು 60 ದಾಟಿದವರು. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳ 2001ರಿಂದ 2008ರ ವರೆಗಿನ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಆ ದೇಶದಲ್ಲಿ 65 ವರ್ಷ ದಾಟಿದವರ ಪೈಕಿ ವರ್ಷಕ್ಕೆ ಸುಮಾರು 38,000 ಮಂದಿ ಜಮಖಾನ, ಕಾಲೊರಸುಗಳಿಗೆ ಸಂಬಂಧಿಸಿದಂತೆ ಬಿದ್ದು ಗಾಯಗೊಂಡಿದ್ದರು. ಮನೆಯೊಳಗೆ ಹೀಗೆ ಬಿದ್ದವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಬಿದ್ದದ್ದು ಬಚ್ಚಲುಮನೆಯಲ್ಲಿ. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದರೆ ಮುಂದೇನಾಗುತ್ತದೆ ಎಂಬುದನ್ನು ಬಹುಪಾಲು ಓದುಗರು ತಮ್ಮ ಬಂಧುಗಳಲ್ಲೇ ಕಂಡಿರಬಹುದು. ಆದ್ದರಿಂದ ಈ ಸಾಮಾನ್ಯ ವಸ್ತುವಿನ ಭೌತವಿಜ್ಞಾನವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ಶಿಕ್ಷಕರಿಗೆ ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡು ಸಂಪರ್ಕಗಳು

ಬರಿಯ ನೆಲದ ಮೇಲೆ ನಡೆಯುವಾಗ ಇರುವುದು ಒಂದೇ ಸಂಪರ್ಕ: ಪಾದ ಮತ್ತು ನೆಲ. ನಡುವೆ ಹಾಸು ಬಂದಾಗ ಸಂಪರ್ಕಗಳು ಎರಡಾಗುತ್ತವೆ. ಒಂದು ಪಾದಕ್ಕೂ ಹಾಸಿಗೂ ನಡುವಿನದು, ಇನ್ನೊಂದು ಹಾಸಿಗೂ ನೆಲಕ್ಕೂ ನಡುವಿನದು. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ ಎನ್ನುವಂತೆ ಇಲ್ಲಿ ದುರ್ಬಲ ಸಂಪರ್ಕ ಯಾವುದೋ ಅಲ್ಲಿಯೇ ಜಾರುತ್ತದೆ. ಹಾಸಿನ ಮೇಲ್ಭಾಗ ಒರಟಾಗಿದ್ದು ಪಾದಕ್ಕೆ ಚೆನ್ನಾಗಿ ಹಿಡಿತ ಕೊಡುತ್ತಿದ್ದರೆ, ನಡೆಯುವವರು ಧೈರ್ಯವಾಗಿ ಹೆಜ್ಜೆ ಇಡುತ್ತಾರೆ. ಕೆಳಗಿನ ಸಂಪರ್ಕ ಕಣ್ಣಿಗೂ ಕಾಣದು, ಪಾದಕ್ಕೂ ತಿಳಿಯದು. ಅಪಾಯ ಇರುವುದು ಇಲ್ಲಿಯೇ. ಒದ್ದೆ ನೆಲವನ್ನು ಕಂಡರೆ ನಾವು ಹೆಜ್ಜೆ ಚಿಕ್ಕದು ಮಾಡುತ್ತೇವೆ. ಹಾಸನ್ನು ಕಂಡರೆ ಹಾಗೆ ಮಾಡುವುದಿಲ್ಲ.

ನಡೆಯಲು ಎಷ್ಟು ಘರ್ಷಣೆ ಬೇಕು? ಹಿಮ್ಮಡಿ ಊರಿದಾಗ ನಾವು ನೆಲವನ್ನು ಕೆಳಕ್ಕೆ ಒತ್ತುವುದಲ್ಲದೆ ಮುಂದಕ್ಕೂ ತಳ್ಳುತ್ತೇವೆ. ಕಾಲ್ಬೆರಳುಗಳಿಂದ ಚಿಮ್ಮುವಾಗ ಹಿಂದಕ್ಕೆ ತಳ್ಳುತ್ತೇವೆ. ಈ ಅಡ್ಡ ಬಲವನ್ನು ಲಂಬ ಬಲದಿಂದ ಭಾಗಿಸಿದರೆ ಬರುವ ಅನುಪಾತವೇ ಆ ಕ್ಷಣಕ್ಕೆ ಬೇಕಾದ ಘರ್ಷಣಾಂಕ. ನೆಲದಲ್ಲಿ ಬಲಮಾಪಕ ಫಲಕಗಳನ್ನು ಹೂತು ಅದರ ಮೇಲೆ ಜನರನ್ನು ನಡೆಸಿ ಇದನ್ನು ಅಳೆದಿದ್ದಾರೆ. ಸಮತಟ್ಟು ನೆಲದಲ್ಲಿ ಸಾಧಾರಣ ನಡಿಗೆಗೆ ಇದರ ಗರಿಷ್ಠ ಬೆಲೆ ಸುಮಾರು 0.2. ವೇಗವಾಗಿ ನಡೆದರೆ, ಉದ್ದ ಹೆಜ್ಜೆ ಹಾಕಿದರೆ, ಥಟ್ಟನೆ ತಿರುಗಿದರೆ ಇದು ಹೆಚ್ಚುತ್ತದೆ. ಫೋನು ಅಥವಾ ಬಾಗಿಲ ಗಂಟೆ ಬಾರಿಸಿದಾಗ ಧಾವಿಸುವವರು ಜಾರುವುದು ಇದರಿಂದಲೇ.

ಈಗ ಒಂದು ಲೆಕ್ಕ. 60 ಕಿಗ್ರಾಂ ದ್ರವ್ಯರಾಶಿಯ ವ್ಯಕ್ತಿಯ ತೂಕ ಸುಮಾರು 600 ನ್ಯೂಟನ್. 0.2ರ ಲೆಕ್ಕದಲ್ಲಿ ಅವರು ಹಾಸಿನ ಮೇಲೆ ಹಾಕುವ ಅಡ್ಡ ಬಲ 120 ನ್ಯೂಟನ್. ಹಾಸಿನ ತೂಕ 10 ನ್ಯೂಟನ್ (ಅಂದರೆ 1 ಕಿಗ್ರಾಂ), ಹಾಸು ಮತ್ತು ಟೈಲಿನ ನಡುವಿನ ಘರ್ಷಣಾಂಕ 0.15 ಎಂದಿಟ್ಟುಕೊಳ್ಳಿ. ಕೆಳಗಿನ ಸಂಪರ್ಕ ತಡೆಯಬಲ್ಲ ಗರಿಷ್ಠ ಬಲ 0.15 × 610, ಅಂದರೆ 91.5 ನ್ಯೂಟನ್. 120ನ್ನು ಇದು ತಡೆಯಲಾರದು, ಹಾಸು ಜಾರುತ್ತದೆ. ಭಾರವಾದ ಹಾಸು ಕೊಂಡರಾಯಿತು ಎನ್ನುವಿರಾ? 3 ಕಿಗ್ರಾಂ ಹಾಸು ತಂದರೆ ಈ ಮಿತಿ 94.5ಕ್ಕೆ ಏರುತ್ತದೆ, ಅಷ್ಟೆ. ಬರಿಯ ತೂಕದಿಂದಲೇ ಜಾರುವುದನ್ನು ತಡೆಯಬೇಕಾದರೆ ಒಟ್ಟು ಲಂಬ ಬಲ 800 ನ್ಯೂಟನ್ ಆಗಬೇಕು, ಎಂದರೆ ಕಾಲೊರಸು 20 ಕಿಗ್ರಾಂ ತೂಗಬೇಕು! ಅಂಥ ಕಾಲೊರಸನ್ನು ಒಗೆಯುವವರು ಯಾರು?

ನಡೆಯುವವರ ತೂಕದಿಂದಲೂ ಹೆಚ್ಚಿನ ವ್ಯತ್ಯಾಸವಾಗದು. 30 ಕಿಗ್ರಾಂನ ಬಾಲಕ ಹಾಕುವ ಅಡ್ಡ ಬಲ 60 ನ್ಯೂಟನ್; ಅವನ ಕಾಲಡಿಯಲ್ಲಿ ತಡೆಯ ಮಿತಿ 46.5. ತೂಕ ಅರ್ಧವಾದರೆ ಅಡ್ಡ ಬಲವೂ ಅರ್ಧ, ತಡೆಯೂ ಸುಮಾರು ಅರ್ಧ. "ಮಕ್ಕಳು ಹಗುರ, ಅವರೇನೂ ಜಾರುವುದಿಲ್ಲ" ಎನ್ನುವ ಸಮಾಧಾನಕ್ಕೆ ಭೌತವಿಜ್ಞಾನದ ಬೆಂಬಲವಿಲ್ಲ. ಉಳಿದಿರುವುದು ಒಂದೇ ದಾರಿ: ಕೆಳಗಿನ ಸಂಪರ್ಕದ ಘರ್ಷಣಾಂಕವನ್ನೇ ಹೆಚ್ಚಿಸಬೇಕು.

ಒಮ್ಮೆ ಜಾರಲು ತೊಡಗಿತೆಂದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಚಲನ ಘರ್ಷಣೆ ಸಾಮಾನ್ಯವಾಗಿ ಸ್ಥಿರ ಘರ್ಷಣೆಗಿಂತ ಕಡಿಮೆ. ಪಾದ ಎರಡು ಮೂರು ಸೆಂಟಿಮೀಟರ್ ಸರಿದರೆ ನಮಗೆ ಅರಿವೇ ಆಗುವುದಿಲ್ಲ. ಸುಮಾರು 10 ಸೆಂಮೀ ದಾಟಿದರೆ ಸಾವರಿಸಿಕೊಳ್ಳುವುದು ಕಷ್ಟ. ಈ ಎರಡರ ನಡುವೆ ಸಿಗುವ ಕಾಲಾವಕಾಶ ಒಂದು ಸೆಕೆಂಡಿನ ಸಣ್ಣದೊಂದು ಅಂಶ. ಯುವಕರ ಸ್ನಾಯುಗಳು ಆ ಅವಧಿಯಲ್ಲಿ ಪ್ರತಿಕ್ರಿಯಿಸಬಲ್ಲವು, ವೃದ್ಧರವು ಬಹಳ ಸಲ ಆಗಲಾರವು.

ಜಮಖಾನ ನಡೆಯುವ ಬಗೆ

ಸಣ್ಣ ಕಾಲೊರಸಿಗೂ ಕೋಣೆ ತುಂಬುವ ಜಮಖಾನಕ್ಕೂ ಒಂದು ವ್ಯತ್ಯಾಸವಿದೆ. ನವಲಗುಂದದ ಜಮಖಾನಗಳಂಥ ಹತ್ತಿಯ ಹಾಸನ್ನು ಎಳೆದರೆ ಅದು ಬಿಗಿಯಾಗಿ ನಿಲ್ಲುತ್ತದೆ. ಆದರೆ ತಳ್ಳಿದರೆ? ಮಡಿಕೆ ಬೀಳುತ್ತದೆ. ಬಟ್ಟೆ ಸೆಳೆತವನ್ನು ಸಾಗಿಸಬಲ್ಲುದು, ಒತ್ತನ್ನು ಸಾಗಿಸಲಾರದು. ಹೀಗಾಗಿ ನೀವು ಹಿಮ್ಮಡಿ ಊರಿ ಮುಂದಕ್ಕೆ ತಳ್ಳಿದಾಗ ಪಾದದ ಹಿಂದಿರುವ ಭಾಗ ಎಳೆದು ಹಿಡಿಯಲು ನೆರವಾಗುತ್ತದೆ. ಮುಂದಿರುವ ಭಾಗ ಉಬ್ಬಿ ಮಡಿಕೆಯಾಗುತ್ತದೆ. ಜಮಖಾನದ ಹಿಂದಂಚಿಗೆ ಹತ್ತಿರ ಕಾಲಿಟ್ಟಾಗ ಎಳೆದು ಹಿಡಿಯಲು ಹಿಂದೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಅಂಚಿನ ಮೊದಲ ಹೆಜ್ಜೆಯೇ ಅತ್ಯಂತ ಅಪಾಯದ್ದು.

ಈ ಮಡಿಕೆಗೆ ವಿಜ್ಞಾನದಲ್ಲಿ ಗೌರವದ ಸ್ಥಾನವಿದೆ! ದೊಡ್ಡ ಜಮಖಾನವನ್ನು ಒಂದೇ ಸಲಕ್ಕೆ ಎಳೆದು ಸರಿಸಬೇಕಾದರೆ ಅದರ ಇಡೀ ಹರವಿನ ಘರ್ಷಣೆಯನ್ನು ಗೆಲ್ಲಬೇಕು. ಬದಲಿಗೆ ಒಂದು ತುದಿಯಲ್ಲಿ ಮಡಿಕೆ ಮಾಡಿ, ಅದನ್ನು ಕಾಲಿನಿಂದ ಇನ್ನೊಂದು ತುದಿಗೆ ದೂಡಿಕೊಂಡು ಹೋದರೆ ಸ್ವಲ್ಪವೇ ಬಲ ಸಾಕು. ಮಡಿಕೆ ಆಚೆ ತುದಿಯನ್ನು ತಲುಪಿದಾಗ ಇಡೀ ಜಮಖಾನ ಸ್ವಲ್ಪ ಸರಿದಿರುತ್ತದೆ. ಎಷ್ಟು? ಮಡಿಕೆಯ ಬಿಲ್ಲಿನ ಉದ್ದದಿಂದ ಅದರ ಬುಡದ ಅಗಲವನ್ನು ಕಳೆದರೆ ಉಳಿಯುವಷ್ಟು. ಲೋಹದ ಹರಳುಗಳು ಲೆಕ್ಕಾಚಾರದ ಬಲಕ್ಕಿಂತ ಎಷ್ಟೋ ಕಡಿಮೆ ಬಲಕ್ಕೆ ಏಕೆ ಬಾಗುತ್ತವೆ ಎಂಬ ಒಗಟಿಗೆ 1934ರಲ್ಲಿ ಟೇಲರ್, ಒರೊವಾನ್ ಮತ್ತು ಪೊಲಾನ್ಯಿ ಬೇರೆಬೇರೆಯಾಗಿ ಕೊಟ್ಟ ಉತ್ತರ ಇದೇ ರೂಪದ್ದು. ಪರಮಾಣುಗಳ ಪದರ ಒಮ್ಮೆಗೇ ಜಾರುವುದಿಲ್ಲ. ಡಿಸ್ಲೊಕೇಶನ್ ಎಂಬ ಒಂದು ದೋಷರೇಖೆ ಮಡಿಕೆಯಂತೆ ಅದರ ಮೂಲಕ ಸಾಗುತ್ತದೆ. ಘನಸ್ಥಿತಿ ಭೌತವಿಜ್ಞಾನದ ತರಗತಿಯಲ್ಲಿ ಜಮಖಾನದ ಹೋಲಿಕೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಮಡಿಕೆಯ ಆಕಾರ ಮತ್ತು ಚಲನೆಯನ್ನೇ ಕುರಿತು 2009ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಎರಡು ಪ್ರತ್ಯೇಕ ತಂಡಗಳ ಪ್ರಬಂಧಗಳು ಪ್ರಕಟವಾದವು.

ಕಾಲೊರಸು ಯಾವಾಗಲೂ ಒಂದೇ ದಿಕ್ಕಿಗೆ ಸರಿಯುವುದನ್ನೂ ನೀವು ಗಮನಿಸಿರಬಹುದು. ಒಂದೇ ವೇಗದಲ್ಲಿ ನಡೆದು ದಾಟಿಹೋಗುವವರು ಮುಂದಕ್ಕೆ ತಳ್ಳಿದಷ್ಟೇ ಹಿಂದಕ್ಕೂ ತಳ್ಳುತ್ತಾರೆ; ಎರಡೂ ಕಳೆದುಹೋಗುತ್ತವೆ. ಆದರೆ ಬಚ್ಚಲಿನಿಂದ ಹೊರಬಂದವರು ಕಾಲೊರಸಿನ ಮೇಲೆ ನಿಲ್ಲುತ್ತಾರೆ. ನಿಲ್ಲುವುದೆಂದರೆ ತಮ್ಮ ಸಂವೇಗವನ್ನು ಕಾಲೊರಸಿಗೆ ಒಪ್ಪಿಸುವುದು. ಅದು ನೆಲಕ್ಕೆ ದಾಟದಿದ್ದರೆ ಕಾಲೊರಸು ಮುಂದೆ ಹೋಗುತ್ತದೆ. ಹೀಗಾಗಿ ಬಚ್ಚಲ ಬಾಗಿಲಿನ ಕಾಲೊರಸು ಬಾಗಿಲಿನಿಂದ ದೂರ ದೂರ ಸರಿಯುತ್ತದೆ, ಮತ್ತು ಮುಂದೆ ಬರುವವರ ಒದ್ದೆ ಕಾಲು ಟೈಲಿನ ಮೇಲೆಯೇ ಬೀಳುತ್ತದೆ.

ಪುಸ್ತಕದ ನಿಯಮ ಮತ್ತು ರಬ್ಬರು

ಘರ್ಷಣೆಯ ನಿಯಮಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಘರ್ಷಣೆ ಲಂಬ ಬಲಕ್ಕೆ ಅನುಪಾತದಲ್ಲಿರುತ್ತದೆ. ಅದು ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ. ಲಿಯೊನಾರ್ಡೊ ಡ ವಿಂಚಿ ಇವನ್ನು ತನ್ನ ಟಿಪ್ಪಣಿಗಳಲ್ಲಿ ಗುರುತಿಸಿಕೊಂಡಿದ್ದ. ಫ್ರಾನ್ಸಿನ ಅಮೊಂಟಾನ್ಸ್ 1699ರಲ್ಲಿ ಇವನ್ನು ಮತ್ತೆ ಕಂಡುಕೊಂಡ. ವಿದ್ಯುದಾವೇಶದ ನಿಯಮದಿಂದ ನಮಗೆ ಪರಿಚಿತನಾದ ಕೂಲಂಬ್ 18ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಸ್ತಾರವಾದ ಪ್ರಯೋಗಗಳನ್ನು ನಡೆಸಿದ. ಆದರೆ ವಿಸ್ತೀರ್ಣಕ್ಕೆ ಏಕೆ ಪಾತ್ರವಿಲ್ಲ ಎಂಬುದು ಸ್ಪಷ್ಟವಾದದ್ದು 20ನೆಯ ಶತಮಾನದ ನಡುವಿನಲ್ಲಿ, ಕೇಂಬ್ರಿಜ್‌ನ ಬೌಡೆನ್ ಮತ್ತು ಟೇಬರ್ ಅವರ ಕೆಲಸದಿಂದ. ಎಷ್ಟೇ ನುಣುಪು ಮಾಡಿದರೂ ಗಟ್ಟಿ ಮೇಲ್ಮೈಗಳಲ್ಲಿ ಸೂಕ್ಷ್ಮವಾದ ಬೆಟ್ಟ ಕಣಿವೆಗಳಿರುತ್ತವೆ. ಎರಡು ಮೇಲ್ಮೈಗಳು ಮುಟ್ಟುವುದು ಕೆಲವು ಶಿಖರಗಳಲ್ಲಿ ಮಾತ್ರ. ಉಕ್ಕಿನ ಮೇಲೆ ಉಕ್ಕನ್ನು ಇಟ್ಟು 600 ನ್ಯೂಟನ್ ಹೊರೆ ಹಾಕಿದರೂ ನಿಜವಾಗಿ ತಗಲಿರುವ ಜಾಗ ಒಂದು ಚದರ ಮಿಲಿಮೀಟರಿನಷ್ಟೂ ಇರದು. ಹೊರೆ ಹೆಚ್ಚಿದಂತೆ ಶಿಖರಗಳು ನಜ್ಜಾಗಿ ಈ ನಿಜ ವಿಸ್ತೀರ್ಣ ಹೊರೆಯ ಅನುಪಾತದಲ್ಲೇ ಹೆಚ್ಚುತ್ತದೆ. ಕಣ್ಣಿಗೆ ಕಾಣುವ ವಿಸ್ತೀರ್ಣಕ್ಕೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಹಾಸಿನ ಕೆಳಗೆ ರಬ್ಬರು ಹಾಕಿದರೆ ಏಕೆ ಜಾರುವುದಿಲ್ಲ, ಮತ್ತು ಸಣ್ಣ ತುಣುಕಿಗಿಂತ ಅಗಲವಾದ ರಬ್ಬರು ಏಕೆ ಮೇಲು? ಇಲ್ಲಿ ಪುಸ್ತಕದ ನಿಯಮ ಕೈಕೊಡುತ್ತದೆ. ರಬ್ಬರು ಎಷ್ಟು ಮೆದುವೆಂದರೆ ಟೈಲಿನ ಬೆಟ್ಟ ಕಣಿವೆಗಳೊಳಕ್ಕೆ ತಾನೇ ಇಳಿದು ಕೂರುತ್ತದೆ. ನಿಜ ವಿಸ್ತೀರ್ಣ ತೋರಿಕೆಯ ವಿಸ್ತೀರ್ಣದ ಸಮೀಪಕ್ಕೆ ಬರುತ್ತದೆ. ಅದಾದ ಮೇಲೆ ಹೊರೆ ಹೆಚ್ಚಿಸಿದರೂ ಮುಟ್ಟಲು ಹೊಸ ಜಾಗವಿಲ್ಲ. ಹೀಗಾಗಿ ರಬ್ಬರಿನ ಘರ್ಷಣಾಂಕ ಸ್ಥಿರಾಂಕವಲ್ಲ. ಒತ್ತಡ ಹೆಚ್ಚಿದಂತೆ ಅದು ಇಳಿಯುತ್ತದೆ. ಶುಭ್ರ, ಒಣ, ನುಣುಪು ಮೇಲ್ಮೈಯಲ್ಲಿ ಅದರ ಬೆಲೆ 1ನ್ನು ಸುಲಭವಾಗಿ ದಾಟುತ್ತದೆ. "ಘರ್ಷಣಾಂಕ ಯಾವಾಗಲೂ 1ಕ್ಕಿಂತ ಕಡಿಮೆ" ಎಂದು ಕೆಲವು ಮಾರ್ಗದರ್ಶಿಗಳಲ್ಲಿ ಮುದ್ರಿಸುವುದುಂಟು. ಅದನ್ನು ಹೊಡೆದುಹಾಕಬೇಕು. ಅಮೊಂಟಾನ್ಸನ ನಿಯಮಗಳು ನ್ಯೂಟನ್ನನ ನಿಯಮಗಳಂತೆ ಪ್ರಕೃತಿಯ ಮೂಲ ನಿಯಮಗಳಲ್ಲ, ಗಟ್ಟಿ ಒಣ ಮೇಲ್ಮೈಗಳಿಗೆ ಚೆನ್ನಾಗಿ ಹೊಂದುವ ಪ್ರಾಯೋಗಿಕ ಸೂತ್ರಗಳು ಎಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ರಬ್ಬರಿನ ಹಿಡಿತಕ್ಕೆ ಎರಡು ಮೂಲಗಳಿವೆ. ಒಂದು ಆಸಂಜನ, ಅಂದರೆ ರಬ್ಬರಿನ ಅಣುಗಳಿಗೂ ನೆಲದ ಅಣುಗಳಿಗೂ ನಡುವಿನ ಆಕರ್ಷಣೆ. ಇದಕ್ಕೆ ಅತಿ ಸಮೀಪದ ಸಂಪರ್ಕ ಬೇಕು. ಇನ್ನೊಂದು ಹಿಸ್ಟರೆಸಿಸ್. ಒರಟು ನೆಲದ ಉಬ್ಬುಗಳ ಮೇಲೆ ರಬ್ಬರು ಸರಿಯುವಾಗ ಅದು ತಗ್ಗಿ ಮತ್ತೆ ಉಬ್ಬಬೇಕಾಗುತ್ತದೆ. ತಗ್ಗಲು ಕೊಟ್ಟ ಶಕ್ತಿ ಪೂರ್ತಿಯಾಗಿ ಮರಳುವುದಿಲ್ಲ. ಸ್ವಲ್ಪ ಭಾಗ ಉಷ್ಣವಾಗಿ ಹೋಗುತ್ತದೆ. ಆ ನಷ್ಟವೇ ಚಲನೆಗೆ ತಡೆ. 1963ರಲ್ಲಿ ಗ್ರೋಶ್ ಎಂಬಾತ ಬೇರೆಬೇರೆ ವೇಗ ಮತ್ತು ತಾಪಗಳಲ್ಲಿ ಅಳತೆ ಮಾಡಿ, ಈ ಎರಡೂ ರಬ್ಬರಿನ ಸ್ನಿಗ್ಧ-ಸ್ಥಿತಿಸ್ಥಾಪಕ ಗುಣಕ್ಕೆ ಸಂಬಂಧಿಸಿದವೆಂದು ತೋರಿಸಿದ. ನುಣುಪಾದ ವಿಟ್ರಿಫೈಡ್ ಟೈಲಿನ ಮೇಲೆ ಮೊದಲನೆಯದರದೇ ಮೇಲುಗೈ. ಒರಟು ಶಹಾಬಾದಿ ಕಲ್ಲಿನ ಮೇಲೆ ಎರಡನೆಯದೂ ಕೈಜೋಡಿಸುತ್ತದೆ. ಆಶ್ಚರ್ಯವೆಂದರೆ, ಹತ್ತಿಯ ಜಮಖಾನವನ್ನು ಜಾರಿಸುವ ಟೈಲಿನ ನುಣುಪೇ ರಬ್ಬರಿಗೆ ವರ!

ಆದರೆ ಒಂದು ಷರತ್ತು: ಟೈಲು ಶುಭ್ರವಾಗಿರಬೇಕು. ಆಸಂಜನ ಕೆಲಸ ಮಾಡುವುದು ಅಣುಗಳ ಅಳತೆಯ ದೂರದಲ್ಲಿ. ನಡುವೆ ಮೀಟರಿನ ಲಕ್ಷದ ಒಂದು ಭಾಗದಷ್ಟು ಗಾತ್ರದ ಧೂಳಿನ ಕಣ ಬಂದರೂ ಅದರ ಸುತ್ತಲಿನ ರಬ್ಬರು ನೆಲದಿಂದ ಎದ್ದು ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಧೂಳಿನ ಜೊತೆಗೆ ಹೊಸ್ತಿಲ ರಂಗೋಲಿ ಪುಡಿ, ಕನ್ನಡಿಯ ಮುಂದೆ ಉದುರುವ ಮುಖದ ಪೌಡರು ಇವೂ ಸೇರುತ್ತವೆ. ಪೌಡರಿನ ಟಾಲ್ಕ್ ಅತ್ಯಂತ ಮೆದು ಖನಿಜ, ಮೋಸ್ ಮಾನಕದಲ್ಲಿ ಅದರ ಗಡಸುತನ 1. ಅದರ ಪದರಗಳು ಒಂದರ ಮೇಲೊಂದು ಜಾರುತ್ತವೆ. ಕೊಂಡಾಗ ಗಟ್ಟಿಯಾಗಿ ಹಿಡಿಯುತ್ತಿದ್ದ ರಬ್ಬರು ಜಾಲರಿ ಮೂರೇ ತಿಂಗಳಿಗೆ ಜಾರತೊಡಗಿದರೆ ಅದನ್ನು ಎಸೆಯಬೇಡಿ. ಸಾಬೂನು ಸ್ವಲ್ಪವೇ ಬೆರೆಸಿದ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಸಾಬೂನಿನ ಅಂಶ ಹೋಗುವಂತೆ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಅದರ ಕೆಳಗಿನ ನೆಲವನ್ನೂ ಒರೆಸಿ. ಬಹಳ ಸಲ ಹಿಡಿತ ಮರಳುತ್ತದೆ.

ಯಾವುದನ್ನು ಹಾಕಬೇಕು?

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಪಿವಿಸಿ ನೊರೆಯಿಂದ ಮಾಡಿದ ಜಾಲರಿ: ಪಾಲಿಯೆಸ್ಟರ್ ಎಳೆಗಳ ಬಲೆಗೆ ಪಿವಿಸಿ ಲೇಪ. ಅಗ್ಗ, ಕತ್ತರಿಸಲು ಸುಲಭ. ಪಿವಿಸಿ ಸ್ವಭಾವತಃ ಗಡುಸು. ಕೊಳಾಯಿ ಪೈಪು ಅದರದೇ. ಅದು ಗಾಜಿನಂಥ ಸ್ಥಿತಿಯಿಂದ ಮೆದು ಸ್ಥಿತಿಗೆ ಬರಬೇಕಾದರೆ ತಾಪ ಸುಮಾರು 80 ಡಿಗ್ರಿ ಸೆಲ್ಸಿಯಸ್ ಇರಬೇಕು. ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ರಾಸಾಯನಿಕವನ್ನು ಬೆರೆಸಿ ಈ ತಾಪವನ್ನು ಕೋಣೆಯ ತಾಪಕ್ಕಿಂತ ಕೆಳಗೆ ತರುತ್ತಾರೆ. ಆದರೆ ಪ್ಲಾಸ್ಟಿಸೈಸರ್ ಅಲ್ಲಿಯೇ ಉಳಿಯುವುದಿಲ್ಲ. ವರ್ಷಗಳು ಕಳೆದಂತೆ ಅದು ನಿಧಾನವಾಗಿ ಹೊರಬೀಳುತ್ತದೆ. ಜಾಲರಿ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹೊರಬಂದ ರಾಸಾಯನಿಕ ವಿನೈಲ್ ನೆಲಹಾಸಿಗೋ ಮರದ ನೆಲದ ಪಾಲಿಷಿಗೋ ಇಳಿದು ಕಲೆ ಮಾಡುತ್ತದೆ. ಟೈಲು, ಗ್ರಾನೈಟುಗಳಿಗೆ ಈ ಭಯ ಕಡಿಮೆ.

ನೈಸರ್ಗಿಕ ರಬ್ಬರಿಗೆ ಇಂಥ ಎಣ್ಣೆಯ ಹಂಗಿಲ್ಲ. ಅದು ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗಿನ ವರೆಗೂ ಗಾಜಿನಂತಾಗುವುದಿಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಮರದಿಂದ ಇಳಿಸುವ ಹಾಲಿನಂಥ ಲೇಟೆಕ್ಸ್‌ನ ಮೂಲವಸ್ತುವೇ ಇದು. 1839ರಲ್ಲಿ ಗುಡ್‌ಇಯರ್ ಕಂಡುಹಿಡಿದ ವಲ್ಕನೀಕರಣದಿಂದ ಇದರ ಉದ್ದನೆಯ ಅಣುಗಳು ಗಂಧಕದ ಕೊಂಡಿಗಳಿಂದ ಬೆಸೆದುಕೊಂಡು, ಮೆದುವಾಗಿದ್ದೂ ಆಕಾರ ಬಿಡದಂತಾಗುತ್ತವೆ. ಇದರ ವೈರಿಗಳು ಬಿಸಿಲು, ಓಜೋನ್ ಮತ್ತು ಎಣ್ಣೆ. ಕಿಟಕಿಯ ಬಿಸಿಲು ಬೀಳುವ ಕಡೆ ಅದು ಬಿರುಕುಬಿಟ್ಟು ಪುಡಿಯಾಗುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಒರೆಸುವ ಮನೆಗಳಲ್ಲಿ ಎರಡು ಬಗೆಯ ನಷ್ಟ: ಎಣ್ಣೆಯ ತೆಳುಪದರ ಹಿಡಿತವನ್ನು ಕಡಿಮೆ ಮಾಡುತ್ತದೆ, ರಬ್ಬರನ್ನೂ ಉಬ್ಬಿಸಿ ಕೆಡಿಸುತ್ತದೆ. ರಬ್ಬರಿಗೆ ಸೇರಿಸುವ ಕೆಲವು ಸಂರಕ್ಷಕಗಳು ವಿನೈಲ್ ನೆಲದ ಮೇಲೆ ಹೋಗದ ಹಳದಿ ಕಲೆ ಬಿಡುತ್ತವೆ ಎಂಬುದೂ ನೆನಪಿರಲಿ.

ಹಣ ಖರ್ಚು ಮಾಡದೆಯೂ ದಾರಿಯಿದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಪಟ್ಟಿಗಳನ್ನು ಹಾಸಿನ ಹಿಂಬದಿಗೆ ಹೊಲಿಯಬಹುದು. ಟ್ಯೂಬಿನ ಒಳಮೈಯಲ್ಲಿ ಪೌಡರು ಸವರಿರುತ್ತಾರೆ. ಅದನ್ನು ತೊಳೆಯದೆ ಕೆಳಮುಖ ಮಾಡಿದರೆ ಪ್ರಯೋಜನವಿಲ್ಲ. ಕಪ್ಪು ರಬ್ಬರು ಬಿಳಿ ಟೈಲಿನ ಮೇಲೆ ಗೆರೆ ಮೂಡಿಸಬಹುದು ಎಂಬುದೊಂದು ಕೊರತೆ. ಇನ್ನೊಂದು ಉಪಾಯ, ಕಿಟಕಿ ಸಂದು ಮುಚ್ಚುವ ಸಿಲಿಕೋನನ್ನು ಹಿಂಬದಿಯಲ್ಲಿ ಗೆರೆಗೆರೆಯಾಗಿ ಎಳೆಯುವುದು. ಅದು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಒಂದು ಪೂರ್ತಿ ದಿನ ಬಿಟ್ಟು ಅನಂತರ ಮಗುಚಿ. ಆತುರ ಮಾಡಿದರೆ ಹಾಸು ನೆಲಕ್ಕೇ ಅಂಟೀತು.

ಪಟ್ಟಿ ಅಥವಾ ಗೆರೆಗಳು ಎಲ್ಲಿರಬೇಕು? ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನಾಲ್ಕು ಮೂಲೆಗಳಿಗೆ ರಬ್ಬರು ತುಂಡು ಹಚ್ಚಿದರೆ ಸಾಕೆಂದು ತೋರುತ್ತದೆ. ಅಂಗಡಿಯಲ್ಲೂ ಮೂಲೆಗೆ ಹಚ್ಚುವ ತ್ರಿಕೋನಗಳನ್ನು ಮಾರುತ್ತಾರೆ. ಆದರೆ ಘರ್ಷಣೆಗೆ ಲಂಬ ಬಲ ಬೇಕು. ಕಾಲು ಊರುವುದು ಹಾಸಿನ ನಡುವೆ, ಅಲ್ಲಿ 600 ನ್ಯೂಟನ್ ಬೀಳುತ್ತದೆ. ಮೂಲೆಯ ರಬ್ಬರಿನ ಮೇಲೆ ಇರುವುದು ಹಾಸಿನ ಮೂಲೆಯ ತೂಕ ಮಾತ್ರ, ಒಂದೆರಡು ನ್ಯೂಟನ್. ಅಷ್ಟರಿಂದ ಹುಟ್ಟುವ ಘರ್ಷಣೆ ಎಷ್ಟಿದ್ದೀತು? ಮೂಲೆಯ ತುಂಡು ಅಂಟಂಟಾಗಿದ್ದು ಲಂಬ ಬಲದ ನೆರವಿಲ್ಲದೆಯೂ ನೆಲವನ್ನು ಹಿಡಿಯುವಂತಿದ್ದರೆ ಮಾತು ಬೇರೆ; ಬರಿಯ ರಬ್ಬರಾದರೆ ಅದು ಮೂಲೆ ಮುದುರದಂತೆ ತಡೆದೀತೇ ಹೊರತು ಜಾರುವುದನ್ನು ತಡೆಯದು. ಹಿಡಿತ ಇರಬೇಕಾದದ್ದು ಕಾಲಡಿಯಲ್ಲಿ. ಪಾದದ ಅಗಲ ಸುಮಾರು 9 ಸೆಂಮೀ. ಗೆರೆಗಳು 4-5 ಸೆಂಮೀಗೆ ಒಂದರಂತೆ ಇದ್ದರೆ ಪಾದ ಎಲ್ಲಿ ಬಿದ್ದರೂ ಅದರಡಿ ರಬ್ಬರು ಇರುತ್ತದೆ. ಇಡೀ ಹಾಸಿನ ಕೆಳಗೆ ಜಾಲರಿ ಹಾಕುವುದು ಇನ್ನೂ ಮೇಲು. ಜಾಲರಿಯನ್ನು ಹಾಸಿಗಿಂತ ಎಲ್ಲ ಬದಿಗೂ 2-3 ಸೆಂಮೀ ಕಡಿಮೆ ಕತ್ತರಿಸಿದರೆ ಅಂಚು ನೆಲಕ್ಕೆ ಒರಗಿ ಕೂರುತ್ತದೆ. ಮೆತ್ತಗಿರಲೆಂದು ದಪ್ಪ ಜಾಲರಿ ತರುವುದು ಬೇಡ. ಜಾರುವುದನ್ನು ತಪ್ಪಿಸಲು ಹೋಗಿ ಎಡವುವ ಮೆಟ್ಟಿಲನ್ನು ಕಟ್ಟಿದಂತಾಗುತ್ತದೆ.

ನೀರು ಬಂದಾಗ

ಬಚ್ಚಲಿನಲ್ಲಿ ಲೆಕ್ಕ ಬದಲಾಗುತ್ತದೆ. ರಬ್ಬರು ಮತ್ತು ಟೈಲಿನ ನಡುವೆ ನೀರು ಸೇರಿದರೆ ಆಸಂಜನಕ್ಕೆ ಬೇಕಾದ ಸಮೀಪ ಸಂಪರ್ಕ ತಪ್ಪುತ್ತದೆ. ಕಾಲು ಊರಿದಾಗ ನೀರು ಪಕ್ಕಕ್ಕೆ ಹರಿದುಹೋಗಬೇಕು, ಅದಕ್ಕೆ ಸಮಯ ಬೇಕು. ಒತ್ತಡ ಅಷ್ಟೇ ಇದ್ದು ಸಂಪರ್ಕದ ಜಾಗದ ಅಗಲ ಎರಡರಷ್ಟಾದರೆ ನೀರು ಅಷ್ಟೇ ತೆಳುವಾಗಲು ನಾಲ್ಕರಷ್ಟು ಹೊತ್ತು ಹಿಡಿಯುತ್ತದೆ. ಹೀಗಾಗಿ ಬಚ್ಚಲಿನಲ್ಲಿ ಸಪಾಟಾದ ರಬ್ಬರು ಹಾಳೆ ಕೆಲಸಕ್ಕೆ ಬಾರದು. ಗುಬುಟುಗಳು, ಕಾಲುವೆಗಳು ಇರುವ ಹಾಳೆ ಬೇಕು. ಟಯರಿನ ಮೇಲಿನ ಗಾಡಿಗಳಿಗೂ ಇದೇ ಕಾರಣ. ಸಾಬೂನು ನೀರಾದರೆ ಪರಿಸ್ಥಿತಿ ಇನ್ನೂ ಕಷ್ಟ. ಅದರ ಅಣುಗಳು ಮೇಲ್ಮೈಗೆ ಅಂಟಿಕೊಂಡು ನೀರು ಹಿಂಡಿಹೋದ ಮೇಲೂ ಕೀಲೆಣ್ಣೆಯಂತೆ ಉಳಿಯುತ್ತವೆ.

ಹೀರುಬಟ್ಟಲುಗಳಿರುವ ಬಚ್ಚಲುಹಾಸು ಬೇರೊಂದು ಉಪಾಯ ಹೂಡುತ್ತದೆ. ಒತ್ತಿದಾಗ ಬಟ್ಟಲಿನೊಳಗಿನ ಗಾಳಿ ಹೊರಹೋಗಿ ಹೊರಗಿನ ವಾಯುಭಾರ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. 2 ಸೆಂಮೀ ವ್ಯಾಸದ ಒಂದು ಬಟ್ಟಲಿನ ವಿಸ್ತೀರ್ಣ 3.14 ಚದರ ಸೆಂಮೀ. ಒಳಗೆ ಪೂರ್ಣ ನಿರ್ವಾತವಿದ್ದರೆ ಅದರ ಮೇಲೆ ಬೀಳುವ ಬಲ ಸುಮಾರು 31 ನ್ಯೂಟನ್. ಇಂಥ 50 ಬಟ್ಟಲುಗಳು ಈ ಲೆಕ್ಕದ ಮೂರನೆಯ ಒಂದು ಭಾಗದಷ್ಟು ಹಿಡಿದರೂ 500 ನ್ಯೂಟನ್ ಆಯಿತು. ಹಾಸಿನ ಮೇಲೆ 50 ಕಿಗ್ರಾಂ ತೂಕದವರೊಬ್ಬರು ಕದಲದೆ ಕೂತ ಹಾಗೆ! ಮೊದಲು ಕಂಡ ಲೆಕ್ಕದಲ್ಲಿ 20 ಕಿಗ್ರಾಂ ಕಾಲೊರಸಿಗೆ ನಕ್ಕಿದ್ದೆವು. ಆ ತೂಕವನ್ನು ಇಲ್ಲಿ ವಾತಾವರಣ ಪುಕ್ಕಟೆಯಾಗಿ ಒದಗಿಸುತ್ತದೆ. ಆದರೆ ಬಟ್ಟಲಿನ ಅಂಚು ಸೋರಬಾರದು. ಒರಟು ಕಲ್ಲಿನ ಮೇಲೆ, ಟೈಲುಗಳ ಸಂದಿನ ಮೇಲೆ ಅದು ಸೋರಿಯೇ ಸೋರುತ್ತದೆ. ಜಾರದಿರಲಿ ಎಂದು ಸಣ್ಣ ಸಣ್ಣ ಒರಟು ಟೈಲು ಹಾಕಿಸಿ ಅದರ ಮೇಲೆ ಹೀರುಬಟ್ಟಲಿನ ಹಾಸು ಹಾಸುವವರು ಎರಡು ಒಳ್ಳೆಯ ಉಪಾಯಗಳನ್ನು ಕೂಡಿಸಿ ಒಂದನ್ನು ವ್ಯರ್ಥ ಮಾಡಿಕೊಳ್ಳುತ್ತಾರೆ. ನುಣುಪು ನೆಲದಲ್ಲಿ ಬಟ್ಟಲುಗಳನ್ನು ಮೊದಲು ಒದ್ದೆ ಮಾಡಿ, ಒಂದೊಂದನ್ನೂ ಒತ್ತಿ ಕೂರಿಸಬೇಕು.

ತರಗತಿಗೊಂದು ಪ್ರಯೋಗ

ಮನೆ ಕಟ್ಟಿದವರಲ್ಲಿ ಮಿಕ್ಕ ಒಂದು ಟೈಲು ಇದ್ದೇ ಇರುತ್ತದೆ. 60 ಸೆಂಮೀ ಉದ್ದದ ಟೈಲನ್ನು ತೆಗೆದುಕೊಳ್ಳಿ. ಅದರ ಮೇಲೆ ಅಂಗೈಯಗಲದ ಹಾಸಿನ ತುಂಡನ್ನಿಟ್ಟು, ತುಂಡಿಗೆ ಒಂದು ದಪ್ಪ ಪುಸ್ತಕವನ್ನು ದಾರದಿಂದ ಕಟ್ಟಿ. ದಾರ ಅಡಿಯಲ್ಲಿ ಬಾರದಂತೆ ನೋಡಿಕೊಳ್ಳಿ. ಟೈಲಿನ ಒಂದು ಬದಿಯನ್ನು ನಿಧಾನವಾಗಿ ಎತ್ತಿ. ತುಂಡು ಜಾರತೊಡಗಿದ ಕ್ಷಣದಲ್ಲಿ ಎತ್ತಿದ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಇಳಿಜಾರಿನ ಬುಡ ಎಷ್ಟು ಅಗಲವಿದೆ ಅಳೆಯಿರಿ. ಎತ್ತರವನ್ನು ಬುಡದಿಂದ ಭಾಗಿಸಿದರೆ ಬರುವುದೇ ಸ್ಥಿರ ಘರ್ಷಣಾಂಕ, ಅದೇ ಇಳಿಜಾರಿನ ಕೋನದ ಟ್ಯಾನ್. 60 ಸೆಂಮೀ ಟೈಲಿಗೆ ಎತ್ತರ 12 ಸೆಂಮೀ ಆದರೆ ಘರ್ಷಣಾಂಕ ಸುಮಾರು 0.20; 15 ಸೆಂಮೀಗೆ 0.26, 20 ಸೆಂಮೀಗೆ 0.35, 30 ಸೆಂಮೀಗೆ 0.58. ನಡಿಗೆಗೆ ಬೇಕಾದದ್ದು 0.2 ಎಂದ ಮಾತ್ರಕ್ಕೆ 12 ಸೆಂಮೀ ದಾಟಿದರೆ ಸಾಕೆಂದಲ್ಲ. ಓಟ, ತಿರುವು, ಧೂಳು ಎಲ್ಲಕ್ಕೂ ಅವಕಾಶವಿರಬೇಕಾದ್ದರಿಂದ 0.5 ಆದರೂ ಇರಬೇಕೆಂದು ನಾನು ಎಣಿಸುತ್ತೇನೆ. ಎಂದರೆ 27 ಸೆಂಮೀ ಎತ್ತುವ ವರೆಗೂ ತುಂಡು ಜಾರಬಾರದು.

ಮೊದಲು ಬರಿಯ ಜಮಖಾನದ ತುಂಡು, ಅನಂತರ ಕೆಳಗೆ ಜಾಲರಿ ಇಟ್ಟು, ಆಮೇಲೆ ಟೈಲಿನ ಮೇಲೆ ಚಿಟಿಕೆ ಪೌಡರು ಉದುರಿಸಿ, ಕೊನೆಗೆ ನೀರು ಚಿಮುಕಿಸಿ ನೋಡಿ. ಪುಸ್ತಕಗಳ ಸಂಖ್ಯೆ ಹೆಚ್ಚಿಸಿದಾಗ ಜಮಖಾನದ ಕೋನ ಹೆಚ್ಚುಕಡಿಮೆ ಅದೇ ಇರುವುದನ್ನೂ, ರಬ್ಬರಿನ ಕೋನ ಇಳಿಯುವುದನ್ನೂ ವಿದ್ಯಾರ್ಥಿಗಳೇ ಕಂಡುಕೊಳ್ಳಲಿ. ಒಂದು ಎಚ್ಚರಿಕೆ: ತುಂಡನ್ನಿಟ್ಟ ಎಷ್ಟು ಹೊತ್ತಿನ ಮೇಲೆ ಎತ್ತುತ್ತೀರಿ ಎಂಬುದು ಪ್ರತಿ ಸಲವೂ ಒಂದೇ ಆಗಿರಬೇಕು. ಸುಮ್ಮನೆ ಬಿಟ್ಟಷ್ಟೂ ಸ್ಥಿರ ಘರ್ಷಣೆ ನಿಧಾನವಾಗಿ ಏರುತ್ತದೆಂದು ಕೂಲಂಬನೇ ಕಂಡಿದ್ದ.

ಇಷ್ಟೆಲ್ಲ ಆದ ಮೇಲೂ ಕೆಲವು ಕಡೆ ಹಾಸೇ ಬೇಡ. ಮೆಟ್ಟಿಲಿನ ತಲೆಯಲ್ಲಿ ಬಿಡಿ ಹಾಸು ಇಡಬಾರದು. ಕೋಲು ಅಥವಾ ವಾಕರ್ ಹಿಡಿದು ನಡೆಯುವ ಹಿರಿಯರಿದ್ದರೆ ಮಂಚದಿಂದ ಬಚ್ಚಲಿನ ವರೆಗಿನ ದಾರಿ ಬರಿದಾಗಿರಲಿ. ಅವರಿಗೆ ಜಾರುವ ಹಾಸು ಎಷ್ಟು ಕೆಟ್ಟದ್ದೋ ಅಂಚು ಎದ್ದ ಹಾಸೂ ಅಷ್ಟೇ ಕೆಟ್ಟದ್ದು. ಬಚ್ಚಲ ಬಾಗಿಲಿಗೆ ಕಾಲೊರಸು ಇಲ್ಲದೆ ಆಗದು ಎನ್ನುವವರು ಪೂರ್ತಿ ರಬ್ಬರು ಬೆನ್ನಿನದನ್ನೇ ಕೊಳ್ಳಿ. ಮಳೆಗಾಲದಲ್ಲಿ ಅದನ್ನು ದಿನಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿಡಿ. ಅಡಿಯಲ್ಲಿ ನಿಂತ ತೇವ ಆರದೆ ಹೋದರೆ ಬೂಷ್ಟು ಹಿಡಿದು ಲೋಳೆಯಾಗುತ್ತದೆ, ಮತ್ತು ಆ ಲೋಳೆಯ ಮೇಲೆ ಯಾವ ರಬ್ಬರೂ ನಿಲ್ಲದು. ತಿಂಗಳಿಗೊಮ್ಮೆ ಹಾಸಿನ ಮೇಲೆ ಒಂದು ಕಾಲೂರಿ, ಗೋಡೆಯನ್ನೋ ಕಿಟಕಿಯ ಸರಳನ್ನೋ ಗಟ್ಟಿಯಾಗಿ ಹಿಡಿದುಕೊಂಡು, ಕಾಲನ್ನು ಪಕ್ಕಕ್ಕೆ ತಳ್ಳಿ ನೋಡಿ. ಹಾಸು ಸರಿದರೆ ಜಾಲರಿಯನ್ನು ತೊಳೆಯಿರಿ. ತೊಳೆದ ಮೇಲೂ ಸರಿದರೆ ಜಾಲರಿಯನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ಅದು ಗಡುಸಾಗಿದ್ದರೆ, ಅಥವಾ ಪುಡಿ ಉದುರಿದರೆ, ಬದಲಾಯಿಸುವ ಕಾಲ ಬಂದಿದೆ.